ನೋವು ಕತ್ತಿನ ಹಿಂದೆ, ಕೆಲಸ ಕತ್ತಿನ ಮುಂದೆ

"ಇಲ್ಲೇ ನೋಡಿ, ಇಲ್ಲೇ ಹಿಡ್ಕೊಂಡಿರೋದು." ಕತ್ತು ನೋವು ಅಂತ ಬರುವವರ ಬೆರಳು ಸಾಮಾನ್ಯವಾಗಿ ಕತ್ತು ಮತ್ತು ಹೆಗಲು ಕೂಡುವ ಜಾಗಕ್ಕೇ ಹೋಗುತ್ತದೆ. ಕೈಯಲ್ಲಿ ಎಕ್ಸ್‌ರೇ, ಮುಖದಲ್ಲಿ ಭಯ. "ಮೂಳೆ ಸವೆದಿದೆಯಂತೆ, ಇನ್ನು ಸರಿ ಹೋಗಲ್ವಂತೆ." ನಾನು ಮೊದಲು ಇಳಿಸುವುದು ಈ ಭಯವನ್ನು. ವಯಸ್ಸಾಗುತ್ತಾ ಹೋದಂತೆ, ಒಂದು ದಿನವೂ ಕತ್ತು ನೋಯದವರ ಎಕ್ಸ್‌ರೇಯಲ್ಲೂ ಸವೆತ ಕಾಣುತ್ತದೆ. ಕೂದಲು ನರೆತ ಹಾಗೆ ಅದು.

ಅಲುಗಾಡಿದರೆ ಜಾಸ್ತಿಯಾಗಿ, ಒರಗಿದರೆ ಕಡಿಮೆಯಾಗುವ ನೋವನ್ನು ನಾವು ಮೆಕ್ಯಾನಿಕಲ್ ನೋವು ಅನ್ನುತ್ತೇವೆ. ಕೀಲು, ಸ್ನಾಯುಗಳ ಮೇಲೆ ಬೀಳುವ ಭಾರದ ನೋವು. ಆದರೆ ಕೈ ಜೋಮು ಹಿಡಿಯುವುದು, ಹಿಡಿದ ವಸ್ತು ಜಾರುವುದು, ನಡಿಗೆ ತಪ್ಪುವುದು, ಮೂತ್ರ ಹಿಡಿತ ತಪ್ಪುವುದು, ಜ್ವರ, ಬಿದ್ದು ಪೆಟ್ಟಾಗಿರುವುದು, ಇವುಗಳಲ್ಲಿ ಒಂದಿದ್ದರೂ ನಾನು ಕತ್ತು ಮುಟ್ಟುವುದಿಲ್ಲ. ಮೊದಲು ವೈದ್ಯರು ನೋಡಬೇಕು.

ಉಳಿದವರಿಗೆ ಕೈಯಿಂದ ಮಾಡುವ ಚಿಕಿತ್ಸೆ ಹಲವಿದೆ. ನಾನು ಹೆಚ್ಚು ನೆಚ್ಚಿಕೊಂಡಿರುವುದು ಇದನ್ನು: ಕತ್ತನ್ನು ಎಷ್ಟು ತಿರುಗುತ್ತದೋ ಅಷ್ಟಕ್ಕೆ ತಿರುಗಿಸಿ, ಕೆನ್ನೆಗೆ ನನ್ನ ಅಂಗೈ ಕೊಡುತ್ತೇನೆ. "ನನ್ನ ಕೈಯನ್ನು ಮೆತ್ತಗೆ ತಳ್ಳಿ, ಐದರಲ್ಲಿ ಒಂದು ಪಾಲು ಬಲ ಸಾಕು." 5ರಿಂದ 7 ಸೆಕೆಂಡು. ಉಸಿರು ಬಿಟ್ಟು ಸಡಿಲ ಮಾಡಿದಾಗ ಕತ್ತು ತಾನಾಗಿ ಇನ್ನೊಂದಿಷ್ಟು ತಿರುಗುತ್ತದೆ. ಮೂರು ಸಲ ಮಾಡುವಷ್ಟರಲ್ಲಿ, ಕಾಣದಿದ್ದ ಪಕ್ಕದ ಗೋಡೆ ಕಾಣುತ್ತದೆ. ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ ಬ್ರಯಾನ್ ಮಲ್ಲಿಗನ್ ಹೇಳಿಕೊಟ್ಟ ವಿಧಾನ ಬೇರೆ. ಅಲ್ಲಿ ನಾವು ಕಶೇರುಕವನ್ನು, ಅಂದರೆ ಬೆನ್ನುಮೂಳೆಯ ಒಂದು ಮಣಿಯನ್ನು, ಹೆಬ್ಬೆರಳಿನಿಂದ ಮುಂದಕ್ಕೆ ಜಾರಿಸಿ ಹಿಡಿದಿರುವಾಗಲೇ ನೀವು ಕತ್ತು ತಿರುಗಿಸಬೇಕು. ಆಗ ನೋಯಲೇಬಾರದು. ನೋಯ್ತು ಅಂದರೆ ನಮ್ಮ ಕೈ ತಪ್ಪು ಜಾಗದಲ್ಲಿದೆ. ಬೆನ್ನಿನ ಮೇಲ್ಭಾಗ ಬಿಗಿದಿದ್ದರೆ ಅದನ್ನೂ ಸಡಿಲಿಸುತ್ತೇವೆ. ಎಷ್ಟೋ ಸಲ ಕತ್ತು ಹಗುರಾಗುವುದೇ ಅಲ್ಲಿಂದ.

"ಲಟಕ್ ಅನ್ನಿಸಿ ಬಿಡಿ" ಎನ್ನುವವರೂ ಉಂಟು. ಆ ಸದ್ದು ಕೀಲಿನೊಳಗಿನ ದ್ರವದಲ್ಲಿ ಗಾಳಿಗುಳ್ಳೆ ಆಗುವುದರಿಂದ ಬರುತ್ತದೆ, ಜಾರಿದ ಮೂಳೆ ಕೂತಿದ್ದರಿಂದ ಅಲ್ಲ. ಕತ್ತಿನ ಕಶೇರುಕಗಳಲ್ಲಿರುವ ತೂತುಗಳ ಮೂಲಕವೇ ಮೆದುಳಿಗೆ ರಕ್ತ ಒಯ್ಯುವ ನಾಳಗಳು ಹಾದುಹೋಗುತ್ತವೆ. ತರಬೇತಿ ಇಲ್ಲದವರ ಕೈಗೆ ದಯವಿಟ್ಟು ಕತ್ತು ಕೊಡಬೇಡಿ.

ಇಷ್ಟೆಲ್ಲ ಮಾಡಿದರೂ ಕೈಚಿಕಿತ್ಸೆಯೊಂದರಿಂದಲೇ ಬಂದ ಆರಾಮ ಹೆಚ್ಚು ದಿನ ನಿಲ್ಲುವುದಿಲ್ಲ. ಯಾಕೆಂದರೆ ಸೋಮಾರಿಯಾಗಿರುವುದು ಕತ್ತಿನ ಮುಂಭಾಗದ ಸ್ನಾಯುಗಳು. ಗಂಟಲಿನ ಹಿಂದೆ, ಬೆನ್ನುಮೂಳೆಗೆ ಅಂಟಿಕೊಂಡಿರುವ ಪುಟ್ಟ ಸ್ನಾಯುಗಳವು. 4-5 ಕಿಲೋ ತೂಗುವ ತಲೆಯನ್ನು ನೆಟ್ಟಗೆ ನಿಲ್ಲಿಸುವುದರಲ್ಲಿ ಅವು ಕೈಬಿಟ್ಟರೆ, ಆ ಕೆಲಸವೆಲ್ಲ ಹೆಗಲಿನ ಸ್ನಾಯುಗಳ ಮೇಲೆ ಬೀಳುತ್ತದೆ. ನೀವು ಬೆರಳಿಟ್ಟು ತೋರಿಸುವುದು ಹೀಗೆ ದುಡಿದು ಸೋತ ಜಾಗವನ್ನು.

ಅಂಗಾತ ಮಲಗಿ. ತಲೆಯಡಿ ಮಡಿಸಿದ ಟವೆಲ್ ಇರಲಿ. "ಹೂಂ" ಅನ್ನುವಾಗ ಆಡಿಸುವಷ್ಟೇ ಗದ್ದವನ್ನು ಒಳಕ್ಕೆ ತನ್ನಿ. ತಲೆ ಎತ್ತಬೇಡಿ. ಒಂದು ಕೈಬೆರಳನ್ನು ಕತ್ತಿನ ಮುಂಭಾಗದ ಪಕ್ಕಕ್ಕಿಡಿ. ಅಲ್ಲಿ ಹಗ್ಗದಂತೆ ಏನಾದರೂ ಎದ್ದರೆ ಬಲ ಜಾಸ್ತಿ ಆಯಿತು, ಇಳಿಸಿ. 10 ಸೆಕೆಂಡು ಹಿಡಿದು ಬಿಡಿ, 10 ಸಲ. ನೋಡಲು ಏನೂ ಅಲ್ಲ ಅನ್ನಿಸುತ್ತದೆ, ಅಲ್ವಾ? ದಿನವಿಡೀ ಬಗ್ಗಿ ಹೊಲಿಯುವ ಒಬ್ಬರು ಮೊದಲ ದಿನ ನಾಲ್ಕನೇ ಸೆಕೆಂಡಿಗೇ ನಡುಗಿಬಿಟ್ಟರು. ಹತ್ತು ಸೆಕೆಂಡು ಅಲುಗದೆ ಹಿಡಿಯಲು ಅವರಿಗೆ ಐದು ವಾರ ಬೇಕಾಯಿತು. ಹೆಗಲು ಒತ್ತಿಸಿಕೊಳ್ಳಲು ಬರುವುದನ್ನು ಅವರು ನಿಲ್ಲಿಸಿದ್ದೂ ಆಗಲೇ.

ದಿನಕ್ಕೆ ಎರಡು ಹೊತ್ತು ಮಾಡಿ, ಕನಿಷ್ಠ ಆರು ವಾರ. ಶುರುವಿನಲ್ಲಿ ಸ್ವಲ್ಪ ಮೈಕೈ ನೋವಿನಂತೆ ಅನ್ನಿಸಿದರೆ ಹೆದರಬೇಡಿ. ನೋವು ತೋಳಿಗೆ ಇಳಿಯತೊಡಗಿದರೆ ಮಾತ್ರ ಅಲ್ಲಿಗೇ ನಿಲ್ಲಿಸಿ, ಬಂದು ತೋರಿಸಿ.