ವೈಶಾಖದ ಹಂದರಕ್ಕೆ ಯಾವ ಹೂವು?

ಮೇ ತಿಂಗಳ ಒಂದು ಮಧ್ಯಾಹ್ನ ಗದಗಿನಲ್ಲಿ 38 ಡಿಗ್ರಿ ಬಿಸಿಲಿದೆ, ಗಾಳಿಯ ತೇವಾಂಶ ಶೇ. 25 ಇದೆ ಎಂದುಕೊಳ್ಳಿ. ಶ್ರಾವಣದ ಜಿಟಿಜಿಟಿ ಮಳೆಯ ಧಾರವಾಡದಲ್ಲಿ 26 ಡಿಗ್ರಿ, ತೇವಾಂಶ ಶೇ. 80. ಎರಡೂ ಕಡೆ ಒಂದೇ ಥರದ ಗುಲಾಬಿ ಹಾರ ನೇತುಹಾಕಿದರೆ, ಗದಗಿನ ಗಾಳಿ ಆ ಹಾರದಿಂದ ನೀರು ಹೀರುವ ಬಲ ಧಾರವಾಡದ ಗಾಳಿಗಿಂತ ಸುಮಾರು ಏಳು ಪಟ್ಟು ಹೆಚ್ಚು. ತೂಗುವ ಹಾರಕ್ಕೆ ಬೇರಿಲ್ಲ, ನೀರಿಲ್ಲ. ಎಸಳಿನೊಳಗೆ ಇದ್ದಷ್ಟೇ ಬಂಡವಾಳ. ಮೊಬೈಲಿನಲ್ಲಿ ಬೇರೆ ಊರಿನ ಮಂಟಪದ ಫೋಟೊ ತೋರಿಸಿ ‘ಇದೇ ಬೇಕು’ ಎನ್ನುವ ಮೊದಲು ಲಗ್ನ ಯಾವ ಮಾಸದಲ್ಲಿದೆ, ಮುಹೂರ್ತ ಎಷ್ಟು ಗಂಟೆಗಿದೆ ಎಂದು ನೋಡಬೇಕು. ಹೂಗಾರರು ಮೊದಲು ಕೇಳುವುದೂ ಇದನ್ನೇ.

ಸೇವಂತಿಗೆಯ ಗಿಡ ರಾತ್ರಿಯ ಉದ್ದ ಅಳೆಯುತ್ತದೆ. ಹುಬ್ಬಳ್ಳಿಯ ಅಕ್ಷಾಂಶದಲ್ಲಿ ವರ್ಷದ ಅತಿ ದೊಡ್ಡ ಹಗಲು ಸುಮಾರು 13 ಗಂಟೆ, ಅತಿ ಚಿಕ್ಕದು 11 ಗಂಟೆಗಿಂತ ತುಸು ಹೆಚ್ಚು. ನೋಡಲು ಸಣ್ಣ ವ್ಯತ್ಯಾಸ, ಆದರೆ ಗಿಡಕ್ಕೆ ಅಷ್ಟು ಸಾಕು. ರಾತ್ರಿ ಬೆಳೆದಾಗ ಮೊಗ್ಗು ಕಟ್ಟುತ್ತದೆ. ಬೆಳಕಿನ ಅವಧಿಗೂ ಹೂಬಿಡುವುದಕ್ಕೂ ಇರುವ ಈ ನಂಟನ್ನು ಗಾರ್ನರ್ ಮತ್ತು ಅಲಾರ್ಡ್ ಎಂಬ ಅಮೆರಿಕದ ವಿಜ್ಞಾನಿಗಳು 1920ರಲ್ಲಿ ವಿವರಿಸಿದರು. ತುಳಸಿ ಲಗ್ನ ಮುಗಿದ ನಂತರದ ಮದುವೆಗಳಿಗೆ ಸೇವಂತಿಗೆ ರಾಶಿ ರಾಶಿಯಾಗಿ ಸಿಗುವುದು ಇದರಿಂದಲೇ. ದುಂಡುಮಲ್ಲಿಗೆಯದು ಉಲ್ಟಾ ಲೆಕ್ಕ: ಬಿಸಿಲೇರಿದಂತೆ ಗಿಡ ತುಂಬುತ್ತದೆ, ಚಳಿಗೆ ಮುದುಡುತ್ತದೆ. ಮಾರ್ಗಶಿರದ ಮದುವೆಗೆ ಮಲ್ಲಿಗೆಯೇ ಬೇಕೆಂದು ಹಟ ಹಿಡಿದರೆ ಬೆಲೆ ಕೇಳಿ ಕೂತುಬಿಡಬೇಕಾಗುತ್ತದೆ. ಆಗ ಕಾಕಡಾ ಒಳ್ಳೆಯ ಬದಲಿ. ಕಂಪು ಕಡಿಮೆ, ನೋಟಕ್ಕೆ ಕೊರತೆಯಿಲ್ಲ. ಸುವಾಸನೆಗೆ ನಡುನಡುವೆ ಮರುಗ, ದವನ ಸೇರಿಸಿ ಕಟ್ಟಿಸಿ.

ಮಲ್ಲಿಗೆಯ ಗಡಿಯಾರ ಇನ್ನೂ ಸೂಕ್ಷ್ಮ. ಇರುಳ ಪತಂಗಗಳನ್ನು ಕರೆಯಲು ಅರಳುವ ಹೂವಿದು. ನಸುಕಿನಲ್ಲಿ ಕಿತ್ತ ಬಲಿತ ಮೊಗ್ಗು ಹಗಲೆಲ್ಲ ಬಾಯಿ ಮುಚ್ಚಿಕೊಂಡಿದ್ದು, ಸಂಜೆ ಬಿಚ್ಚಿ ಗಂಧ ಚೆಲ್ಲುತ್ತದೆ. ಮುಂಜಾನೆ ಹತ್ತೂವರೆಯ ಮುಹೂರ್ತಕ್ಕೆ ಮೊಗ್ಗಿನ ಜಡೆ ಹೊಂದುವುದು ಈ ಕಾರಣಕ್ಕೆ. ಅಂದೇ ನಸುಕಿನಲ್ಲಿ ಕಿತ್ತ ಮೊಗ್ಗಾದರೆ ಅಕ್ಕಿಕಾಳು ಬೀಳುವ ತನಕ ಮುತ್ತಿನಂತೆಯೇ ಇರುತ್ತದೆ. ಹಿಂದಿನ ದಿನವೇ ಜಡೆ ಹೆಣೆಸಿದರೆ ರಾತ್ರಿ ಅರಳಿ, ಬೆಳಗಾಗುವಷ್ಟರಲ್ಲಿ ಕಂದುಗಟ್ಟಿ ನಿಲ್ಲುತ್ತದೆ. ಜಜ್ಜಿದ ಎಸಳಿನ ಫಿನಾಲ್ ಅಂಶಗಳ ಮೇಲೆ ಕಿಣ್ವಗಳು ಕೆಲಸ ಮಾಡಿ ಆ ಕಂದು ಬಣ್ಣ ತರುತ್ತವೆ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವ ಕ್ರಿಯೆಯೂ ಇದೇ. ಸಂಜೆಯ ಆರತಕ್ಷತೆಗಾದರೆ ಅದೇ ಮೊಗ್ಗನ್ನು ನಾಲ್ಕು ಗಂಟೆಗೆ ಮುಡಿಸಿ. ಏಳಕ್ಕೆ ತಲೆಯ ಮೇಲೇ ಅರಳುತ್ತದೆ.

ಹಿಂದಿನ ದಿನವೇ ಹೂವು ತರುವುದು ಅನಿವಾರ್ಯವಾದರೆ ತಂಪು ಬೇಕು. ಉಷ್ಣಾಂಶ ಹತ್ತು ಡಿಗ್ರಿ ಏರಿದರೆ ಹೂವಿನ ಉಸಿರಾಟ ಎರಡು, ಕೆಲವೊಮ್ಮೆ ಮೂರು ಪಟ್ಟಾಗುತ್ತದೆ. ರಾಶಿ ಹಾಕಿದ ಹೂವು ತನ್ನ ಉಸಿರಿನ ಶಾಖಕ್ಕೇ ಬೇಯುತ್ತದೆ. ಮೂಟೆಯ ನಡುವೆ ಕೈ ಹಾಕಿದರೆ ಬೆಚ್ಚಗೆ ಹತ್ತುತ್ತದೆಯಲ್ಲ, ಅದು ಇದೇ. ಆದ್ದರಿಂದ ಚೀಲ ಬಿಚ್ಚಿ ತೆಳ್ಳಗೆ ಹರವಿ. ಆಮೇಲೆ ಬಾಳೆಲೆಯಲ್ಲಿ ಸುತ್ತಿ, ಹಿಂಡಿದ ಒದ್ದೆ ಬಟ್ಟೆ ಮೇಲೆ ಹೊದಿಸಿ, ಐಸ್ ಪೆಟ್ಟಿಗೆಯಲ್ಲಿಡಿ. ಐಸಿಗೂ ಹೂವಿಗೂ ನಡುವೆ ನಾಲ್ಕು ಮಡಿಕೆ ವೃತ್ತಪತ್ರಿಕೆ ಇರಲಿ. ಫ್ರೀಜರ್ ಮಾತ್ರ ಬೇಡ. ಜೀವಕೋಶದೊಳಗಿನ ನೀರು ಹೆಪ್ಪುಗಟ್ಟಿ ಗೋಡೆ ಒಡೆಯುತ್ತದೆ, ಹೊರತೆಗೆದ ಹತ್ತು ನಿಮಿಷಕ್ಕೆ ಎಸಳು ಬೆಂದ ಪಲ್ಯದಂತಾಗುತ್ತದೆ. ಆರ್ಕಿಡ್, ಆಂಥೂರಿಯಂ ತರಿಸಿದ್ದರೆ ಐಸ್ ಪೆಟ್ಟಿಗೆಯೂ ಅವಕ್ಕೆ ಅತಿಯಾಯಿತು. ಉಷ್ಣವಲಯದ ಈ ಹೂಗಳು 10 ಡಿಗ್ರಿಗಿಂತ ಕೆಳಗೆ ಕಪ್ಪಾಗುತ್ತವೆ.

ಕಲ್ಯಾಣ ಮಂಟಪಗಳಲ್ಲಿ ಬಹಳ ಸಲ ಆಗುವ ತಪ್ಪು ಬೇರೆಯೇ. ತಂಪಾಗಿದೆ ಎಂದು ಹೂವನ್ನು ಉಗ್ರಾಣದಲ್ಲಿಡುತ್ತಾರೆ. ಅಲ್ಲೇ ಊಟಕ್ಕೆ ತಂದ ಬಾಳೆಗೊನೆ, ಮಾವಿನಹಣ್ಣಿನ ಬುಟ್ಟಿ ಇರುತ್ತವೆ. ಮಾಗುವ ಹಣ್ಣು ಎಥಿಲೀನ್ ಅನಿಲ ಬಿಡುತ್ತದೆ. ಹೂವಿಗೆ ಅದು ‘ಇನ್ನು ಸಾಕು, ಉದುರು’ ಎಂಬ ಸಂದೇಶ. ಅನಿಲ ದೀಪಗಳಿಂದ ಸೋರುವ ಎಥಿಲೀನ್ ಗಿಡಗಳನ್ನು ಕೆಡಿಸುತ್ತದೆಂದು ರಷ್ಯಾದ ನೆಲ್ಯುಬೊವ್ 1901ರಲ್ಲಿ ತೋರಿಸಿದರು. ಷಿಕಾಗೊದ ಹೂ ಬೆಳೆಗಾರರ ಕಾರ್ನೇಷನ್ ಇದೇ ಅನಿಲದಿಂದ ಹಾಳಾಗುತ್ತಿತ್ತೆಂದು 1908ರಲ್ಲಿ ಕ್ರಾಕರ್ ಮತ್ತು ನೈಟ್ ಕಂಡುಕೊಂಡರು. ಹಣ್ಣೇ ಈ ಅನಿಲ ತಯಾರಿಸುತ್ತದೆಂದು ಗೇನ್ 1934ರಲ್ಲಿ ಸಾಬೀತು ಮಾಡಿದರು. ಕಾರ್ನೇಷನ್ ಮುದುಡುತ್ತದೆ, ಗುಲಾಬಿಯ ಹಲವು ತಳಿಗಳು ಎಸಳು ಉದುರಿಸುತ್ತವೆ. ಸೇವಂತಿಗೆಗೆ ಇದರ ಪರಿವೆ ಕಡಿಮೆ. ಹೂವಿಗೆ ಬೇರೆ ಕೋಣೆ ಕೊಡಿಸಿ. ಜನರೇಟರಿನ ಹೊಗೆಯಿಂದಲೂ ದೂರ ಇರಲಿ, ಅದರಲ್ಲೂ ಎಥಿಲೀನ್ ಇರುತ್ತದೆ.

ಕಟ್ಟುವ ದಾರವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನೆನೆಸಿದ ಬಾಳೆನಾರು ಉಬ್ಬಿ ತೊಟ್ಟನ್ನು ಮೆತ್ತಗೆ ಹಿಡಿಯುತ್ತದೆ, ತನ್ನ ತೇವವನ್ನೂ ಸ್ವಲ್ಪ ಕೊಡುತ್ತದೆ. ನೈಲಾನ್ ತೊಟ್ಟನ್ನು ಕೊಯ್ಯುತ್ತದೆ. ಚೆಂಡು ಹೂವಿನ ತೋರಣಕ್ಕೆ ಮೇಲಿಂದ ಮೇಲೆ ನೀರು ಚಿಮುಕಿಸುವುದು ಇನ್ನೊಂದು ದುರಭ್ಯಾಸ. ಒತ್ತೊತ್ತಾದ ಎಸಳುಗಳ ಬುಡದಲ್ಲಿ ನೀರು ನಿಂತು ಒಳಗಿನಿಂದ ಕೊಳೆಯುತ್ತದೆ. ಮೇಲೆ ಕೇಸರಿ, ಕೆಳಗೆ ನಾತ. ಗುಲಾಬಿ, ಮಲ್ಲಿಗೆಗೆ ಬೇಕಿದ್ದರೆ ಮಂಜಿನಂತೆ ಸಿಂಪಡಿಸಿ, ಚೆಂಡು ಹೂವನ್ನು ಬಿಟ್ಟುಬಿಡಿ. (ನಮ್ಮ ಸಂಪ್ರದಾಯದ ಕುರುಹೆಂದುಕೊಂಡಿರುವ ಈ ಚೆಂಡು ಹೂವು, ಅದರ ಜೊತೆ ಸುಗಂಧರಾಜ, ಎರಡೂ ಮೆಕ್ಸಿಕೊ ಮೂಲದವು. ಅಬ್ಬಲಿಗೆ ಮಾತ್ರ ನಿಜಕ್ಕೂ ಈ ನೆಲದ್ದು.)

ಎಷ್ಟು ತರಬೇಕು? ಎರಡು ಗೇಣು ಒಂದು ಮೊಳ, ನಾಲ್ಕು ಮೊಳ ಒಂದು ಮಾರು. ಬರುವ 300 ಹೆಣ್ಣುಮಕ್ಕಳಿಗೆ ತಲೆಗೊಂದು ಗೇಣು ಮಲ್ಲಿಗೆ ಎಂದರೆ 150 ಮೊಳ, ಅಂದರೆ 38 ಮಾರು. ಹರಿದು ಹೋಗುವುದು, ಎರಡನೇ ಸಲ ಕೇಳುವವರು ಎಲ್ಲ ಸೇರಿಸಿ 42 ತನ್ನಿ. ಮಾರು ಎಂದರೆ ಹೂವು ಮಾರುವವರು ಎರಡೂ ತೋಳು ಚಾಚಿದಷ್ಟು ಉದ್ದ, ಆದ್ದರಿಂದ ಹುಬ್ಬಳ್ಳಿಯ ದುರ್ಗದಬೈಲು ಪೇಟೆಯಲ್ಲಿ ಇಬ್ಬರ ಹತ್ತಿರ ಕೊಂಡರೆ ಎರಡು ಅಳತೆ ಬರುತ್ತದೆ. ದೊಡ್ಡ ಖರೀದಿಗೆ ಟೇಪು ಹಿಡಿಯಿರಿ, ಸಂಕೋಚ ಬೇಡ. ನಾಲ್ಕು ಅಡಿ ಬಾಗಿಲಿನ ತೋರಣಕ್ಕೆ ಜೋಲಿಗೆಂದು ಐದು ಅಡಿ ಹಿಡಿಯಿರಿ, ಅಡಿಗೆ ಎಂಟರಿಂದ ಹತ್ತು ಚೆಂಡು ಹೂವು ಬೇಕು. ವಧೂವರರ ಹಾರ ಹೊಕ್ಕುಳಿನ ತನಕ ಬಂದರೆ ಸಾಕು. ಮೊಣಕಾಲಿಗೆ ಮುಟ್ಟುವ ದಪ್ಪ ಹಾರ ಹಾಕಿಕೊಂಡು ಅರ್ಧ ತಾಸು ನಿಂತವರ ಕತ್ತನ್ನು ಕೇಳಿ ನೋಡಿ.

ರೇಷ್ಮೆ ಉಟ್ಟವರು ಬಣ್ಣದ ಕಡೆಗೂ ಗಮನ ಕೊಡಬೇಕು. ಕೆಂಪು ಗುಲಾಬಿಗೆ ಬಣ್ಣ ಕೊಡುವ ಆಂಥೋಸಯನಿನ್ ನೀರಿನಲ್ಲಿ ಕರಗುತ್ತದೆ, ಆದ್ದರಿಂದ ತೋಯ್ದ ಹಾರ ಬಿಳಿ ಶಲ್ಯದ ಮೇಲೆ ಗುರುತು ಬಿಡುತ್ತದೆ. ನೀಲಿ, ಹಸಿರು ಬಣ್ಣ ಹಾಕಿದ ಸುಗಂಧರಾಜ ಇನ್ನೂ ಅಪಾಯ. ಕೊಳ್ಳುವಾಗ ಒದ್ದೆ ಕರವಸ್ತ್ರಕ್ಕೆ ಒತ್ತಿ ನೋಡಿ, ಬಣ್ಣ ಬಿಟ್ಟರೆ ವಾಪಸು ಕೊಡಿ. ಲಿಲ್ಲಿಯ ಪರಾಗ ಜಿಡ್ಡಿನದು. ಕೇಸರಗಳನ್ನು ಮೊದಲೇ ಚಿವುಟಿ ತೆಗೆಯಿರಿ. ಸೀರೆಗೆ ಬಿದ್ದರೆ ಒರೆಸಬೇಡಿ, ನೀರೂ ಬೇಡ. ಅಂಟುಪಟ್ಟಿ ಒತ್ತಿ ಎತ್ತಿ.

ವೇದಿಕೆಯ ಹೂದಾನಿಗೆ ದಂಟನ್ನು ನೀರಿನೊಳಗೇ ಓರೆಯಾಗಿ ಕತ್ತರಿಸಬೇಕು. ಹೊರಗೆ ಕತ್ತರಿಸಿದರೆ ನೀರಿನ ನಾಳಕ್ಕೆ ಗಾಳಿಗುಳ್ಳೆ ಹೊಕ್ಕು ದಾರಿ ಮುಚ್ಚುತ್ತದೆ, ಕತ್ತು ಬಾಗುತ್ತದೆ. ಲೀಟರ್ ನೀರಿಗೆ ಮೂರು ಚಹಾ ಚಮಚ ಸಕ್ಕರೆ, ಎರಡು ಚಮಚ ನಿಂಬೆರಸ, ಕಾಲು ಚಮಚ ಬ್ಲೀಚಿಂಗ್ ದ್ರಾವಣ. ಸಕ್ಕರೆ ಹೂವಿಗೆ, ಬ್ಲೀಚ್ ಬ್ಯಾಕ್ಟೀರಿಯಾಕ್ಕೆ. ಬ್ಲೀಚನ್ನು ನೀರಿಗೆ ಹಾಕಿ ಕಲಕಿದ ಮೇಲೆಯೇ ನಿಂಬೆರಸ ಹಾಕಿ. ಎರಡನ್ನೂ ನೇರ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಜರ್ಬೆರಾದ ರೋಮದ ದಂಟು ಬೇಗ ಕೊಳೆಯುತ್ತದೆ, ಅದಕ್ಕೆ ಸಕ್ಕರೆ ಬೇಡ, ಮೂರು ಬೆರಳು ನೀರು ಸಾಕು.

ಬಾಡುವ ಭಯವೇ ಇಲ್ಲದ ಅಲಂಕಾರವೂ ನಮ್ಮಲ್ಲುಂಟು. ಬೆಂಡಿನ ಬಾಸಿಂಗವನ್ನು ಕೊರೆಯುವುದು ಜೌಗಿನಲ್ಲಿ ಬೆಳೆಯುವ ಗಿಡದ ದಂಟಿನ ತಿರುಳಿನಿಂದ. ಒಳಗೆಲ್ಲ ಗಾಳಿಯ ಕೋಶಗಳಾದ್ದರಿಂದ ಹಣೆಗೆ ಭಾರವೆನಿಸದು, ಬೆಂಕಿ ಮಾತ್ರ ಬೇಗ ಹತ್ತುತ್ತದೆ. ಹೋಮದ ಮುಂದೆ ಬಾಗುವಾಗ ಜೊತೆಗಿರುವವರು ಕೈ ಅಡ್ಡ ಹಿಡಿಯಬೇಕು. ಇನ್ನು ಹಾವೇರಿಯ ಏಲಕ್ಕಿ ಹಾರ. ಮಲೆನಾಡಿನ ಏಲಕ್ಕಿಯನ್ನು ಹಿಂದೆ ಹಾವೇರಿಗೆ ತಂದು ಅಂಟುವಾಳದ ನೀರಿನಲ್ಲಿ ತೊಳೆದು ಬಿಳಿ ಮಾಡುತ್ತಿದ್ದರು. ಊರಿಗೆ ‘ಏಲಕ್ಕಿ ಕಂಪಿನ ನಾಡು’ ಎಂಬ ಹೆಸರಿದೆ. ಒಣಗಿದ ಕಾಯಿಗೆ ಬಾಡಲು ಉಳಿದಿರುವ ನೀರೇ ಇಲ್ಲ. ಸಿನಿಯೋಲ್‌ನಂಥ ಗಂಧತೈಲಗಳು ಬೀಜದ ಸಿಪ್ಪೆಯಡಿ ಭದ್ರವಾಗಿರುತ್ತವೆ, ಕಾಯಿ ಒಡೆಯದಿದ್ದರೆ ತಿಂಗಳುಗಟ್ಟಲೆ ಹೋಗವು. ಮೇ ತಿಂಗಳ ಬಯಲು ಹಂದರಕ್ಕೆ ಮಾಲೆ ಬದಲಿಸಲು ಇದೊಂದು ಜೋಡಿ, ಮುಡಿಗೆ ಮಲ್ಲಿಗೆ ಎಂದಾದರೆ ಅರ್ಧ ಚಿಂತೆ ಇಳಿಯಿತು. ಆಮೇಲೆ ಗಾಳಿಯಾಡದ ಡಬ್ಬಿಯಲ್ಲಿಡಿ. ಹಾರ ಬಿಚ್ಚಿ ಚಹಾಕ್ಕೆ ಹಾಕುವ ಆಸೆಯಿದ್ದರೆ, ಕಾಯಿಗೆ ಬಣ್ಣ, ಅಂಟು ಹಚ್ಚುತ್ತಾರೋ ಹೇಗೆ ಎಂದು ಹೇಳಿ ಮಾಡಿಸುವಾಗಲೇ ಕೇಳಿಕೊಳ್ಳಿ.