ಹಳೇ ಹಾರ್ಡ್ ಡಿಸ್ಕ್ ಹೊಸ ಲ್ಯಾಪ್‌ಟಾಪಿಗೆ ಹಾಕಿದರೆ ಎಲ್ಲಾ ಮೊದಲಿನ ಹಾಗೇ ಇರುತ್ತಾ?

ಪ್ರಶ್ನೆ: ನೀರು ಬಿದ್ದು ಲ್ಯಾಪ್‌ಟಾಪ್ ಸತ್ತಿದೆ, ಡಿಸ್ಕ್‌ಗೆ ಏನೂ ಆಗಿಲ್ಲ. ಅದನ್ನೇ ಹೊಸದಕ್ಕೆ ಹಾಕಿದರೆ ಸಾಕಲ್ವಾ?

ಫೈಲ್‌ಗಳು ಬೇಕಾದರೆ ಸಿಗುತ್ತವೆ. ‘ಎಲ್ಲಾ ಮೊದಲಿನ ಹಾಗೇ’ ಅನ್ನುವ ಆಸೆ ಮಾತ್ರ ಬಿಡಿ. ಎಷ್ಟು ಸಲ ಹೇಳಿದರೂ ಈ ನಂಬಿಕೆ ಸಾಯುತ್ತಿಲ್ಲ.

ಆ ಡಿಸ್ಕ್‌ನಲ್ಲಿರುವ ವಿಂಡೋಸ್ ಹಳೇ ಮದರ್‌ಬೋರ್ಡಿಗೆ ಹೊಂದಿಕೊಂಡದ್ದು. ಅಲ್ಲಿ ಸ್ಟೋರೇಜ್ ಕಂಟ್ರೋಲರ್ (ಡಿಸ್ಕ್ ಜೊತೆ ಮಾತಾಡುವ ಭಾಗ) ಎಎಚ್‌ಸಿಐ ಅನ್ನುವ ಮೋಡ್‌ನಲ್ಲಿದ್ದು, ಹೊಸದರಲ್ಲಿ ರೇಡ್ ಅನ್ನುವ ಬೇರೆ ಮೋಡ್‌ನಲ್ಲಿದ್ದರೆ ನೀಲಿ ಪರದೆ ಬರುತ್ತದೆ: ‘ಇನ್ಆಕ್ಸೆಸಿಬಲ್ ಬೂಟ್ ಡಿವೈಸ್’, ಅಂದರೆ ವಿಂಡೋಸ್ ಇರುವ ಡಿಸ್ಕ್ ಕೈಗೆ ಸಿಗುತ್ತಿಲ್ಲ. ಹಳೆಯದು ಲೆಗಸಿ ಬೂಟ್‌ನದ್ದು (ಕಂಪ್ಯೂಟರ್ ಶುರುವಾಗುವ ಹಳೇ ವಿಧಾನ), ಹೊಸದರಲ್ಲಿ ಯುಇಎಫ್‌ಐ (ಈಗಿನ ವಿಧಾನ) ಮಾತ್ರ ಇದ್ದರೆ ಅಷ್ಟೂ ಇಲ್ಲ, ಬೂಟ್ ಪಟ್ಟಿಯಲ್ಲಿ ಡಿಸ್ಕ್ ಹೆಸರೇ ಇರುವುದಿಲ್ಲ. ಬೂಟ್ ಆದರೂ, ಲ್ಯಾಪ್‌ಟಾಪ್ ಜೊತೆಗೇ ಬಂದ ವಿಂಡೋಸ್ ಲೈಸೆನ್ಸ್ ಹಳೇ ಮದರ್‌ಬೋರ್ಡಿನದ್ದು, ಹೊಸದಕ್ಕೆ ಅದು ಸಲ್ಲುವುದಿಲ್ಲ. ‘ನನ್ನ ಫ್ರೆಂಡ್‌ಗೆ ಆಯ್ತಲ್ಲ’ ಅನ್ನಬೇಡಿ. ವಿಂಡೋಸ್ 10, 11 ಎಷ್ಟೋ ಸಲ ತಾವೇ ಡ್ರೈವರ್ ಹುಡುಕಿಕೊಂಡು ಎದ್ದು ನಿಲ್ಲುತ್ತವೆ. ಈ ನಂಬಿಕೆ ಇನ್ನೂ ಬದುಕಿರುವುದೇ ಅದರಿಂದ.

ನಿಜವಾದ ತಲೆನೋವು ಬಿಟ್‌ಲಾಕರ್, ಅಂದರೆ ಡಿಸ್ಕ್‌ನಲ್ಲಿರುವುದನ್ನೆಲ್ಲ ಗೂಢಲಿಪಿ ಮಾಡಿ ಬೀಗ ಹಾಕುವ ವಿಂಡೋಸ್ ವ್ಯವಸ್ಥೆ. ‘ನಾನು ಆನ್ ಮಾಡೇ ಇಲ್ಲ’ ಅಂತೀರಿ. ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆದರೆ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಅದು ತಾನಾಗೇ ಆನ್ ಆಗಿರುತ್ತದೆ. ಡಿಸ್ಕ್ ನಿಮ್ಮ ಕೈಯಲ್ಲಿ, ಬೀಗದ ಕೈ ಸತ್ತ ಮದರ್‌ಬೋರ್ಡಿನ ಟಿಪಿಎಂ ಅನ್ನುವ ಭದ್ರತಾ ಚಿಪ್‌ನಲ್ಲಿ. ಆಗ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಸ್ಕ್ರೂ ಬಿಚ್ಚುವ ಮೊದಲೇ ಮೊಬೈಲ್‌ನಲ್ಲಿ ಆ ಖಾತೆ ತೆರೆದು ಕೀ ಇದೆಯಾ ನೋಡಿ.

ಸರಿಯಾದ ದಾರಿ ಸುಲಭ: ಡಿಸ್ಕ್ ಬಿಚ್ಚಿ ಯುಎಸ್‌ಬಿ ಎನ್‌ಕ್ಲೋಷರ್‌ಗೆ (ಡಿಸ್ಕನ್ನು ಪೆನ್‌ಡ್ರೈವ್‌ನಂತೆ ಜೋಡಿಸುವ ಡಬ್ಬಿ) ಹಾಕಿ, ಫೈಲ್ ಕಾಪಿ ಮಾಡಿಕೊಳ್ಳಿ. 2.5 ಇಂಚಿನ ಡಿಸ್ಕ್‌ಗೆ ಸಾಟಾ ಎನ್‌ಕ್ಲೋಷರ್. ಉದ್ದ ಪಟ್ಟಿಯಂಥ ಎಂ.2 ಆದರೆ ಅದು ಸಾಟಾವೋ ಎನ್‌ವಿಎಂಇಯೋ (ಎರಡೂ ಡಿಸ್ಕ್ ಜೋಡಣೆಯ ಬೇರೆ ಬೇರೆ ಬಗೆ) ಅಂತ ಲೇಬಲ್ ಓದಿ, ಅದಕ್ಕೆ ಹೊಂದುವ ಎನ್‌ಕ್ಲೋಷರ್ ಕೊಳ್ಳಿ. ಸ್ಟೋರೇಜ್ ಚಿಪ್ ಬೋರ್ಡಿಗೇ ಬೆಸುಗೆಯಾಗಿದ್ದರೆ ಬಿಚ್ಚಲು ಏನೂ ಇಲ್ಲ, ರಿಪೇರಿಯವರೇ ಗತಿ. ‘ಫಾರ್ಮ್ಯಾಟ್ ಮಾಡಬೇಕಾ?’ ಅಂತ ಕೇಳಿದರೆ ಕ್ಯಾನ್ಸಲ್ ಒತ್ತಿ. ಹಳೇ ಯೂಸರ್ ಫೋಲ್ಡರ್‌ಗೆ ಅನುಮತಿ ಇಲ್ಲ ಅಂದರೆ ‘ಕಂಟಿನ್ಯೂ’ ಒತ್ತಿ ಕಾಯಿರಿ. ಬ್ರೌಸರ್ ಬುಕ್‌ಮಾರ್ಕ್‌ಗಳು ಆ್ಯಪ್‌ಡೇಟಾ ಅನ್ನುವ ಅಡಗಿಸಿಟ್ಟ ಫೋಲ್ಡರ್‌ನಲ್ಲಿರುತ್ತವೆ, ಎಲ್ಲರೂ ಮರೆಯುವುದು ಅದನ್ನೇ.

ಇನ್ನು ಯಾರೂ ಕೇಳದ್ದು: ಆಮೇಲೆ ಆ ಡಿಸ್ಕನ್ನು ಬ್ಯಾಕಪ್‌ಗೆ ಇಟ್ಟುಕೊಳ್ಳಬಹುದಾ? ಎರಡನೇ ಪ್ರತಿ ಆಗಿದ್ದರೆ ಮಾತ್ರ. ಹೊಸದರಲ್ಲಿ ಜಾಗ ಉಳಿಸಲು ಫೋಟೋಗಳನ್ನೆಲ್ಲ ಅದರಲ್ಲೇ ಬಿಟ್ಟರೆ ಅದು ಬ್ಯಾಕಪ್ ಅಲ್ಲ, ಇರುವ ಒಂದೇ ಪ್ರತಿ. ಇಡುವ ಮೊದಲು ಸ್ಮಾರ್ಟ್ ವರದಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ತೆಗೆದು ‘ರೀಅಲೊಕೇಟೆಡ್ ಸೆಕ್ಟರ್’ ಸಾಲು ನೋಡಿ, ಕೆಟ್ಟುಹೋಗಿ ಬದಲಿ ಜಾಗ ಕೊಟ್ಟ ಭಾಗಗಳ ಎಣಿಕೆ ಅದು. ಆ ಸಂಖ್ಯೆ ಏರುತ್ತಿದ್ದರೆ ಎರಡನೇ ಪ್ರತಿಗೂ ಆ ಡಿಸ್ಕ್ ಬೇಡ.