ಬಿಸಿಲಿಗೆ ಕೊಲೆಸ್ಟ್ರಾಲ್ ಕರಗುತ್ತಾ?

ಬೆಳಗ್ಗೆ ಬಿಸಿಲು ಕಾಯಿಸಿದರೆ ಚರ್ಮದಲ್ಲಿರುವ ಕೊಲೆಸ್ಟ್ರಾಲ್ ವಿಟಮಿನ್ ಡಿ ಆಗುತ್ತದೆ, ರಕ್ತದಲ್ಲೂ ಅದು ತಾನೇ ಇಳಿಯುತ್ತದೆ. ವಾಟ್ಸ್‌ಆಪ್‌ನಲ್ಲಿ ಓಡಾಡುವ ಮಾತಿದು. ಸುಮ್ನೆ ನಕ್ಕು ಬಿಡುವಂತಿಲ್ಲ. ನೂರು ವರ್ಷದ ಹಿಂದೆ ಇದರ ಮೊದಲರ್ಧವನ್ನು ವಿಜ್ಞಾನಿಗಳೇ ನಂಬಿದ್ದರು.

ವಿಟಮಿನ್ ಡಿ ಕೊರತೆಯಿಂದ ಮಕ್ಕಳ ಕಾಲು ಸೊಟ್ಟಗಾಗುವ ರಿಕೆಟ್ಸ್ ಆಗ ಯುರೋಪಿನ ಹೊಗೆ ತುಂಬಿದ ಊರುಗಳಲ್ಲಿ ಮಾಮೂಲು. 1919ರಲ್ಲಿ ಬರ್ಲಿನ್‌ನ ವೈದ್ಯ ಕುರ್ಟ್ ಹುಲ್ಡ್‌ಶಿನ್ಸ್ಕಿ ನೇರಳಾತೀತ ದೀಪದ ಬೆಳಕಿನಿಂದಲೇ ಅದನ್ನು ವಾಸಿ ಮಾಡಿದರು. ಆ ಬೆಳಕು ಮೈಯೊಳಗೆ ಮಾಡುವುದೇನು? ಕೆಲವರು ಕೊಲೆಸ್ಟ್ರಾಲ್‌ಗೆ ಬೆಳಕು ಹಾಯಿಸಿ ಇಲಿಗಳಿಗೆ ತಿನ್ನಿಸಿದರು. ಇಲಿಗಳಿಗೆ ರಿಕೆಟ್ಸ್ ಬರಲಿಲ್ಲ. ಹಾಗಾದರೆ ವಿಟಮಿನ್ ಡಿಗೆ ಕೊಲೆಸ್ಟ್ರಾಲೇ ತಾಯಿ ಎಂದುಕೊಂಡರು. ಆದರೆ ಚೆನ್ನಾಗಿ ಶುದ್ಧ ಮಾಡಿದ ಕೊಲೆಸ್ಟ್ರಾಲ್ ಕೈಕೊಟ್ಟಿತು! ಕೆಲಸ ಮಾಡಿದ್ದು ಅದರಲ್ಲಿ ಬೆರೆತಿದ್ದ ಬೇರೇನೋ.

ಕೊಲೆಸ್ಟ್ರಾಲ್ ಜಾತಿಯ ವಸ್ತುಗಳಿಗೂ ವಿಟಮಿನ್‌ಗಳಿಗೂ ಇರುವ ಸಂಬಂಧ ಹುಡುಕಿದ್ದಕ್ಕೇ ಜರ್ಮನಿಯ ರಸಾಯನ ವಿಜ್ಞಾನಿ ಅಡಾಲ್ಫ್ ವಿಂಡೌಸ್‌ಗೆ 1928ರ ನೊಬೆಲ್ ಬಂತು. ನಮ್ಮ ಚರ್ಮದೊಳಗಿನ ನಿಜವಾದ ಮೂಲ ಸಿಕ್ಕಿದ್ದು ಮಾತ್ರ 1937ರಲ್ಲಿ, ಅದೂ ಹಂದಿಯ ಚರ್ಮದಲ್ಲಿ. ಹೆಸರು 7-ಡಿಹೈಡ್ರೊಕೊಲೆಸ್ಟ್ರಾಲ್. ದೇಹ ಕೊಲೆಸ್ಟ್ರಾಲ್ ತಯಾರಿಸುವಾಗ ಇದು ಕೊನೆಯ ಮೆಟ್ಟಿಲಿಗಿಂತ ಒಂದು ಹಿಂದೆ ಸಿಗುತ್ತದೆ. ಕಿಣ್ವ ಮುಟ್ಟಿದರೆ ಕೊಲೆಸ್ಟ್ರಾಲ್, ಬಿಸಿಲು ತಾಗಿದರೆ ವಿಟಮಿನ್ ಡಿ. ಒಂದೇ ತಾಯಿಯ ಮಕ್ಕಳು, ಒಬ್ಬರು ಇನ್ನೊಬ್ಬರಾಗುವುದಿಲ್ಲ. ಲೆಕ್ಕವನ್ನೂ ನೋಡಿ: ದೇಹ ದಿನಕ್ಕೆ ಒಂದು ಗ್ರಾಂನಷ್ಟು ಕೊಲೆಸ್ಟ್ರಾಲ್ ತಯಾರಿಸುತ್ತದೆ. ವಿಟಮಿನ್ ಡಿ ಬೇಕಾಗುವುದು ಸುಮಾರು 15 ಮೈಕ್ರೊಗ್ರಾಂ. ಇಷ್ಟರಲ್ಲಿ ಏನು ಖಾಲಿಯಾದೀತು?

ಡಿ ಕಡಿಮೆ ಇದ್ದವರಲ್ಲಿ ಕೊಲೆಸ್ಟ್ರಾಲ್ ಜಾಸ್ತಿ ಕಾಣುವುದು ನಿಜ. ಬೊಜ್ಜು ಇದ್ದವರಲ್ಲಿ, ಮನೆಯೊಳಗೇ ಕೂತಿರುವವರಲ್ಲಿ ಎರಡೂ ಒಟ್ಟಿಗೆ ಬರುತ್ತವೆ. 2012ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಡಿ ಕೊರತೆಯಿದ್ದ 151 ಜನರಲ್ಲಿ ಕೆಲವರಿಗೆ ವಾರಕ್ಕೆ 50,000 ಯೂನಿಟ್ ಡಿ, ಉಳಿದವರಿಗೆ ಬರೀ ಹುಸಿ ಮಾತ್ರೆ ಕೊಟ್ಟರು. ಎಂಟು ವಾರ ಕಳೆದರೂ ಕೊಲೆಸ್ಟ್ರಾಲ್ ಸುಧಾರಿಸಲಿಲ್ಲ.

ವಿಟಮಿನ್ ಡಿಗೂ ಉರಿಯೂತಕ್ಕೂ (ಗಾಯ, ಸೋಂಕಿನ ವಿರುದ್ಧ ದೇಹ ಏಳಿಸುವ ಊತ, ಉರಿ) ಇರುವ ನಂಟಿನ ಕತೆ ಬೇರೆ. 1983ರಲ್ಲಿ ರೋಗ ನಿರೋಧಕ ಕಣಗಳಲ್ಲೇ ವಿಟಮಿನ್ ಡಿಯ ಗ್ರಾಹಕಗಳು, ಅಂದರೆ ಅದು ಹೋಗಿ ಅಂಟಿಕೊಳ್ಳುವ ಜಾಗಗಳು, ಕಂಡವು. ಅಂದರೆ ಅದಕ್ಕೆ ಮೂಳೆಯಾಚೆಗೂ ಕೆಲಸವಿದೆ. ಆದರೆ ಇಲ್ಲೊಂದು ಗೊಂದಲ: ಮೈಯಲ್ಲಿ ಉರಿಯೂತ ಎದ್ದಾಗ ರಕ್ತದ ಡಿ ಮಟ್ಟವೇ ಕುಸಿಯುತ್ತದೆ. ಕಡಿಮೆ ಡಿ ರೋಗಕ್ಕೆ ಕಾರಣವೋ, ಅದರ ಫಲವೋ? ಅಮೆರಿಕದ ವೈಟಲ್ ಅಧ್ಯಯನದಲ್ಲಿ 25,871 ಜನರಿದ್ದರು. ದಿನಕ್ಕೆ 2,000 ಯೂನಿಟ್ ಡಿ ತೆಗೆದುಕೊಂಡ ಗುಂಪಿನಲ್ಲಿ ಐದು ವರ್ಷವಾದರೂ ಹೃದಯಾಘಾತ ಕಡಿಮೆಯಾಗಲಿಲ್ಲ. ದೇಹ ತನ್ನ ಮೇಲೆ ತಾನೇ ತಿರುಗಿಬೀಳುವ ಸಂಧಿವಾತದಂಥ ಕಾಯಿಲೆಗಳು ಮಾತ್ರ ಆ ಗುಂಪಿನಲ್ಲಿ 22% ಕಡಿಮೆ ಕಂಡವು.